ಐದು ಪಾಯಿಂಟ್ ದಪ್ಪ

ಸತ್ಯಮಂಗಲ, ತುಮಕೂರು
8 ಜನವರಿ 2024

ಗಂಗಾಧರನಿಗೆ,

ನಿನ್ನ ಹತ್ತಿರ ಇನ್ನು ಮಾತಿಲ್ಲ ಅಂದಿದ್ದೆ. ಆಡಿಲ್ಲ. ನಿಮ್ಮಪ್ಪ ತೀರಿಕೊಂಡ ದಿನವೂ ಆಡಲಿಲ್ಲ. ಇದು ಮಾತಲ್ಲ, ಕಾಗದ. ಅದಕ್ಕೇ ಫೋನು ಮಾಡದೆ ಬರೆಯುತ್ತಿದ್ದೇನೆ.

ವಿಷಯ ಎಂಜಿನ್ನಿನದು. ಇಲ್ಲಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ನಂದಿತಾ ಎಂಬ ಮೇಡಂ ಯಾವುದೋ ಶಾಫ್ಟ್ ಮಾಡಿಸಲು ನಮ್ಮ ವರ್ಕ್‌ಶಾಪಿಗೆ ಬಂದಿದ್ದರು. ಹಿಂದಿನ ಶೆಡ್ಡಿನಲ್ಲಿ ಟಾರ್ಪಾಲು ಹೊದಿಸಿಟ್ಟಿದ್ದನ್ನು ಕಂಡು ಎತ್ತಿ ನೋಡಿದರು. ಬಂದ ಕೆಲಸ ಮರೆತು ಅರ್ಧ ಗಂಟೆ ಅದರ ಸುತ್ತ ತಿರುಗಿದರು. ಅವರ ಲ್ಯಾಬಿನ ಮುಂದೆ ಇಡಲು ಬೇಕಂತೆ.

"ಓಡದೆ ಇರೋ ಎಂಜಿನ್ನು ಯಾಕವ್ವ ನಿಮಗೆ?" ಅಂದೆ.

"ಓಡಿದ್ದನ್ನ ಎಲ್ರೂ ಇಡ್ತಾರೆ ಅಮ್ಮ. ಓಡದೆ ಇರೋದನ್ನ ನೋಡಿದ್ರೆ ನಮ್ಮ ಹುಡುಗ್ರು ನಾಲ್ಕು ಅಕ್ಷರ ಕಲೀತಾರೆ" ಅಂದರು.

ನಾನೇ ಎಲ್ಲ ವಿವರಿಸಿದೆ. ಯಡಿಯೂರಿನ ಹತ್ತಿರ ಪಾರ್ಕ್ ಮಾಡುತ್ತಿದ್ದವರಿಗೆ ಮಕ್ಕಳು ಕೂರುವ ಉಗಿ ರೈಲು ಬೇಕಿತ್ತು. ಹಳಿಯ ತಿರುವುಗಳು ಬಹಳ ಚಿಕ್ಕವು, ಉದ್ದನೆಯ ಎಂಜಿನ್ನು ತಿರುಗುವುದಿಲ್ಲ. ಅದಕ್ಕೆ ನಿಮ್ಮಪ್ಪ ಒಂದೇ ಬಾಯ್ಲರಿನ ಕೆಳಗೆ ಹಿಂದೊಂದು ಮುಂದೊಂದು ಗಾಲಿಗಾಡಿ ಇಟ್ಟು, ಎರಡೂ ತಮ್ಮ ಪಾಡಿಗೆ ತಾವು ತಿರುಗುವ ಹಾಗೆ ಮಾಡಿದರು. ಬೇರೆಯವರು ಇಂಥ ಕಡೆ ಬಾಗುವ ಪೈಪಿನಲ್ಲಿ ಉಗಿ ಕಳಿಸುತ್ತಾರೆ, ಅದು ಸೋರುತ್ತದೆ. ಇವರು ಗಾಡಿ ತಿರುಗುವ ಪಿನ್ನನ್ನೇ ಟೊಳ್ಳು ಮಾಡಿ ಅದರೊಳಗಿಂದ ಉಗಿ ಕಳಿಸಿದರು. ಮೇಡಂ ಅದನ್ನು ಕೇಳಿ "ಅಬ್ಬ" ಅಂದರು.

ಮತ್ತೆ ಯಾಕೆ ಕೆಟ್ಟಿತು ಎಂದು ಕೇಳಿದರು. ಪಿನ್ನನ್ನು ಲೇತಿನಲ್ಲಿ ತಿರುವಿದವನು ಐದು ಪಾಯಿಂಟ್ ದಪ್ಪ ಬಿಟ್ಟಿದ್ದ, ಅದು ತಾನು ಕೂರುವ ಬುಷ್ಷಿನ ಬಳೆಯಲ್ಲಿ ಕಚ್ಚಿಕೊಂಡಿತು, ಗಾಡಿ ತಿರುಗಲಿಲ್ಲ ಅಂದೆ. ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಒಂದು ಪಾಲು ಒಂದು ಪಾಯಿಂಟ್ ಎಂದು ಅವರಿಗೆ ಹೇಳಬೇಕಾಗಿರಲಿಲ್ಲ. ತಿರುವಿದವರು ಯಾರು ಎಂದರು. ನನ್ನ ಮಗ ಎಂದು ಹೇಳಿದೆ.

ಎಂಜಿನ್ನಿನ ಪಕ್ಕ ಬೋರ್ಡು ಬರುತ್ತದೆ. ಮಾತು ಇಷ್ಟು: "ಜೋಡುಗಾಡಿ ಉಗಿ ಎಂಜಿನ್. ವಿನ್ಯಾಸ: ಸಿದ್ದಗಂಗಯ್ಯ. ಪ್ರಯೋಗ ನಡೆದದ್ದು ಗುಬ್ಬಿಯ ತೋಟದಲ್ಲಿ, 24 ಅಕ್ಟೋಬರ್ 2012. ತಯಾರಿಕೆಯ ದೋಷದಿಂದ ವಿಫಲ." ಇದನ್ನು ಒಪ್ಪಿ ನಾನು ಸಹಿ ಹಾಕಿ ಕೊಡಬೇಕು. ತಯಾರಿಕೆ ಎಂದರೆ ಯಾರೆಂದು ಸತ್ಯಮಂಗಲದಲ್ಲಿ ಲೇತ್ ಇಟ್ಟವರಿಗೆಲ್ಲ ಗೊತ್ತು. ನಾಳೆ ನಿನಗೆ ಹೇಳದೆ ಹಾಕಿಸಿದೆ ಎಂಬ ಮಾತು ಬರಬಾರದು. ಅದಕ್ಕೆ ತಿಳಿಸುತ್ತಿದ್ದೇನೆ. ಕೇಳುತ್ತಿಲ್ಲ.

ಅಪ್ಪನ ನಕ್ಷೆ ಪುಸ್ತಕ ನಿನ್ನ ಹತ್ತಿರ ಇದೆ. ಮನೆ ಬಿಡುವಾಗ ಬಟ್ಟೆಗಿಂತ ಮೊದಲು ಅದನ್ನು ಚೀಲಕ್ಕೆ ಹಾಕಿಕೊಂಡದ್ದನ್ನು ನೋಡಿದ್ದೇನೆ. ಕಾಲೇಜಿನವರು ಕೇಳಿದ್ದಾರೆ, ಕಳಿಸು.

ಕೊಲ್ಲಾಪುರಮ್ಮ


ಕೊತ್ತಗೆರೆ
21 ಜನವರಿ 2024

ಅಮ್ಮನವರಿಗೆ,

ನಿಮ್ಮ ಕಾಗದ ಸೇರಿತು. ಬೋರ್ಡಿನ ಮಾತಿಗೆ ನನ್ನ ಅಭ್ಯಂತರ ಇಲ್ಲ. ಹೆಸರು ಹಾಕಿಸಿದರೂ ಸರಿ, ಬಿಟ್ಟರೂ ಸರಿ.

ಪುಸ್ತಕವನ್ನು ರಿಜಿಸ್ಟರ್ ಅಂಚೆಯಲ್ಲಿ ಬೇರೆಯಾಗಿ ಕಳಿಸಿದ್ದೇನೆ. ಹಾಳೆಗಳು ಹಳೆಯವು, ಮೇಡಂಗೆ ಮೆಲ್ಲಗೆ ತಿರುವಲು ಹೇಳಿ.

ಎಂಜಿನ್ ಎತ್ತುವಾಗ ಮುಂದಿನ ಗಾಡಿಗೆ ಸರಪಳಿ ಹಾಕಿಸಬೇಡಿ. ಅದು ಅಂದು ಹಳಿ ಬಿಟ್ಟಾಗಲೇ ಅರ್ಧ ಕಳಚಿದೆ. ನಡುವಿನ ಚೌಕಟ್ಟಿಗೆ ಎರಡು ಕಡೆ ಹಾಕಿದರೆ ನೆಟ್ಟಗೆ ಏಳುತ್ತದೆ.

ಇಲ್ಲಿ ಬೋರ್‌ವೆಲ್ ಮೋಟಾರಿಗೆ ತಂತಿ ಸುತ್ತುವ ರಿವೈಂಡಿಂಗ್ ಅಂಗಡಿ ನಡೆಯುತ್ತಿದೆ. ಇಂಪನಾ ಈ ಸಲ ಎಸ್ಸೆಸ್ಸೆಲ್ಸಿ. ಹೇಮಶ್ರೀ ನಮಸ್ಕಾರ ತಿಳಿಸಿದ್ದಾಳೆ.

ಗಂಗಾಧರ್


ಸತ್ಯಮಂಗಲ
26 ಫೆಬ್ರವರಿ 2024

ಗಂಗಾಧರನಿಗೆ,

ನನಗೆ ನೀವು ಎಂದು ಬರೆದಿದ್ದೀಯ. ಬ್ಯಾಂಕಿನವರು ಹಾಗೆ ಬರೆಯುತ್ತಾರೆ. ಇರಲಿ.

ಎಂಜಿನ್ನು ಹೋದ ಗುರುವಾರ ಹೋಯಿತು. ಸರಪಳಿ ನೀನು ಹೇಳಿದ ಕಡೆಯೇ ಹಾಕಿಸಿದೆ, ನೆಟ್ಟಗೆ ಎದ್ದಿತು. ಮಹಾಲಿಂಗಯ್ಯ ನೆನಪಿರಬೇಕಲ್ಲ, ಅಪ್ಪನ ಕಾಲದಿಂದ ಒಂದನೇ ಲೇತಿನಲ್ಲಿ ನಿಂತವನು. ಈಗ ಹಲ್ಲಿಲ್ಲ, ಬಾಯಿ ಹಾಗೇ ಇದೆ. ಕ್ರೇನು ಎತ್ತುವಾಗ ಎಂಜಿನ್ನಿಗೆ ಕೈ ಮುಗಿದು, "ಹೋಗ್ ಬಾರವ್ವ ತಾಯಿ, ಮೂವತ್ತು ಅಡಿ ಓಡಿ ಹನ್ನೊಂದು ವರ್ಷ ಮಲಗ್ದೆ. ನಾನು ಹಂಗ್ ಮಾಡಿದ್ರೆ ಅಮ್ಮೋರು ಸಂಬಳ ಕೊಡ್ತಿದ್ರಾ?" ಅಂದ. ಹುಡುಗರೆಲ್ಲ ನಕ್ಕರು. ಶೆಡ್ಡು ಈಗ ಖಾಲಿ. ನೆಲದ ಮೇಲೆ ಎಣ್ಣೆಯ ಕಲೆ ಎಂಜಿನ್ನಿನ ಆಕಾರದಲ್ಲೇ ಉಳಿದಿದೆ. ಸೋಡಾ ಹಾಕಿ ತೊಳೆಸಿದೆ. ಹೋಗಲಿಲ್ಲ.

ಪುಸ್ತಕ ಬಂತು. ಮೇಡಂಗೆ ಕೊಡುವ ಮೊದಲು ಪೂರ್ತಿ ನೋಡಿದೆ. ನಿಮ್ಮಪ್ಪ ಪುಸ್ತಕ ಕೊಂಡ ದಿನವೇ ಎಲ್ಲ ಪುಟಗಳಿಗೂ ಕೆಂಪು ಇಂಕಿನಲ್ಲಿ ಸಂಖ್ಯೆ ಹಾಕಿಡುತ್ತಿದ್ದರು. ನಲವತ್ತನೇ ಪುಟದಲ್ಲಿ ಅಕ್ಟೋಬರ್ 20ರ ಬರಹ ಇದೆ. ಅದರ ಮುಂದಿನದು ನಲವತ್ತಮೂರು, ಅದು ಖಾಲಿ. ನಡುವೆ ಒಂದು ಹಾಳೆಯನ್ನು ಬ್ಲೇಡಿನಲ್ಲಿ ಕತ್ತರಿಸಿ ತೆಗೆದಿದ್ದಾರೆ. ಹರಿದದ್ದಲ್ಲ, ಅಂಚು ನೇರವಾಗಿದೆ.

ಪ್ರಯೋಗಕ್ಕೆ ಮೊದಲು ಅವರು ಬರೆದ ಕೊನೆಯ ಹಾಳೆ ಅದು. ಅದರಲ್ಲಿ ಪಿನ್ನಿನ ಅಳತೆ ಇತ್ತು ಅನ್ನಿಸುತ್ತದೆ. ನಿನ್ನ ತಪ್ಪು ಕಾಣಬಾರದೆಂದು ಕತ್ತರಿಸಿದ್ದರೆ, ಅದು ಹೇಗೂ ಬೋರ್ಡಿನಲ್ಲಿ ಬರುತ್ತದೆ. ಹಾಳೆ ಕಳಿಸು. ಹಾಳೆಯಿಲ್ಲದ ಪುಸ್ತಕವನ್ನು ನಾನು ಕೊಡುವುದಿಲ್ಲ.

ಲೇತ್ ಬಿಟ್ಟಿದ್ದೀಯ. ನಿನ್ನ ಕಾಗದದಲ್ಲಿ ಅದು ಇರಲಿಲ್ಲ, ರಿವೈಂಡಿಂಗ್ ಎಂದಷ್ಟೇ ಇತ್ತು. ನಾನು ತಿಳಿದುಕೊಂಡೆ.

ಕೊಲ್ಲಾಪುರಮ್ಮ


ಕೊತ್ತಗೆರೆ
14 ಮಾರ್ಚ್ 2024

ಅಮ್ಮನವರಿಗೆ,

ಆ ಹಾಳೆಯ ವಿಚಾರ ಬಿಟ್ಟುಬಿಡಿ. ಪುಸ್ತಕವನ್ನು ಹಾಗೇ ಕೊಡಬಹುದು. ಕೇಳಿದರೆ ನಾನು ಕತ್ತರಿಸಿದೆ ಎಂದು ಹೇಳಿ, ಅದು ನಿಜವೇ.

ಬೋರ್ಡಿಗೆ ಸಹಿ ಹಾಕಿಬಿಡಿ. ತಡ ಮಾಡಬೇಡಿ.

ಇಂಪನಾಳ ಪರೀಕ್ಷೆ 25ಕ್ಕೆ ಶುರು. ಮೊನ್ನೆ ನಿಮ್ಮ ಕಾಗದ ಮೇಜಿನ ಮೇಲಿತ್ತು, ಓದಿದ್ದಾಳೆ. "ಅಪ್ಪಾ, ಅಜ್ಜಿ ಅಕ್ಷರ ಎಷ್ಟ್ ನೀಟಾಗೈತೆ! ಬೈದ್ರೂ ಗೆರೆ ಮೇಲೇ ಬೈತಾರೆ" ಅಂದಳು. ಬರೆಯಬಾರದಿತ್ತೇನೋ. ಬರೆದೆ.

ಗಂಗಾಧರ್


ಸತ್ಯಮಂಗಲ
12 ಏಪ್ರಿಲ್ 2024

ಗಂಗಾಧರನಿಗೆ,

ಬೋರ್ಡಿಗೆ ಸಹಿ ಹಾಕಿಲ್ಲ. ಯಾಕೆ ಎಂಬುದನ್ನು ಬರೆಯಬೇಕು. ಹೋದ ವಾರವೇ ಬರೆಯಬೇಕಿತ್ತು, ದಿನಾ ಕಾಗದ ತೆಗೆದು ಇಟ್ಟೆ.

ಕಾಲೇಜಿನವರು ಒಳಗಿನ ಕೊಳವೆಗಳು ಹುಡುಗರಿಗೆ ಕಾಣಲೆಂದು ಬಾಯ್ಲರಿನ ಒಂದು ಪಕ್ಕ ಕತ್ತರಿಸಿದರು. ನನ್ನನ್ನೂ ಮಹಾಲಿಂಗಯ್ಯನನ್ನೂ ಕರೆದಿದ್ದರು. ತಳದಲ್ಲಿ ಎರಡು ವಸ್ತು ಸಿಕ್ಕಿದವು. ಒಂದು ರೂಪಾಯಿ ನಾಣ್ಯ. ಇದ್ದಲಿನಂತೆ ಕಪ್ಪಾದ ಅರಿಶಿನದ ಕೊಂಬು.

ಮೇಡಂ ಅವನ್ನು ಅಂಗೈಯಲ್ಲಿಟ್ಟುಕೊಂಡು, "ಇದೇನಮ್ಮ, ಇದರೊಳಗೆ ನೀರು ಬಿಟ್ಟು ಬೇರೆ ಏನಾದ್ರೂ ಹಾಕಿದ್ರಾ?" ಎಂದು ಕೇಳಿದರು.

ಹಾಕಿದ್ದೆ. ಪ್ರಯೋಗದ ಹಿಂದಿನ ದಿನ ಆಯುಧ ಪೂಜೆ. ಲೇತುಗಳಿಗೆಲ್ಲ ಕುಂಕುಮ ಇಟ್ಟು, ಕುಂಬಳಕಾಯಿ ಒಡೆಸಿ, ಪ್ರಯೋಗಕ್ಕೆ ಹಳಿ ಹಾಕಿದ್ದ ಗುಬ್ಬಿಯ ತೋಟಕ್ಕೆ ಹೋಗಿ ಎಂಜಿನ್ನಿಗೂ ಪೂಜೆ ಮಾಡಿದೆ. ಅದರ ಹೊಟ್ಟೆಗೆ ಆವತ್ತು ತಾನೇ ಹೊಸದಾಗಿ ನೀರು ತುಂಬಿದ್ದರು. ಹೊಸ ಬಾವಿಯಲ್ಲಿ, ಬೋರಿನಲ್ಲಿ ನೀರು ಬಂದಾಗ ಗಂಗೆ ಪೂಜೆ ಮಾಡದೆ ನಾವು ಒಂದು ಹನಿ ಮುಟ್ಟಿದವರಲ್ಲ. ಬಾಯ್ಲರಿನ ನೀರೂ ಗಂಗೆಯೇ ಎಂದುಕೊಂಡೆ. ನೀರು ಹಾಕುವ ಮುಚ್ಚಳ ಬಿಚ್ಚಿ, ಅರಿಶಿನದ ಕೊಂಬು, ನಾಣ್ಯ ಹಾಕಿ, ದೊಡ್ಡ ಚೊಂಬಿನ ತುಂಬ ಹಸುವಿನ ಹಾಲು ಹೊಯ್ದೆ. ಒಂದೂವರೆ ಲೀಟರು ಹಿಡಿಯುವ ಚೊಂಬು. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಅನ್ನಿಸಲಿಲ್ಲ.

ಮೇಡಂಗೆ ಇಷ್ಟನ್ನೂ ಹೇಳಿದೆ. ಮಹಾಲಿಂಗಯ್ಯ, "ಅಮ್ಮೋರೇ, ಎಂಜಿನ್‌ಗೆ ಹಾಲು ಕುಡಿಸಿದ್ರಾ? ನಮ್ಮ ಟೀಗೆ ಹಾಕೋಕೆ ಅಷ್ಟು ಲೆಕ್ಕ ನೋಡ್ತೀರಿ!" ಅಂದ. ಮೇಡಂ ನಗಲಿಲ್ಲ. ಬಾಯ್ಲರಿನ ನೀರಿನಲ್ಲಿ ಹಾಲು ಬಿದ್ದರೆ ಕುದಿಯುವಾಗ ನೊರೆ ಏಳುತ್ತದಂತೆ. ನೊರೆಯ ಜೊತೆ ನೀರೂ ಉಗಿಯ ದಾರಿ ಹಿಡಿದು ಸಿಲಿಂಡರಿಗೆ ನುಗ್ಗುತ್ತದಂತೆ. ಉಗಿಯನ್ನು ಅದುಮಬಹುದು, ನೀರನ್ನು ಅದುಮಲಾಗದು, ಎರಕದ ಕಬ್ಬಿಣವೇ ಒಡೆಯುತ್ತದೆ. ನಮ್ಮ ಎಂಜಿನ್ನಿನ ಮುಂದಿನ ಸಿಲಿಂಡರ್ ಒಡೆದಿತ್ತಲ್ಲ.

ನಾನು ಎಸ್ಸೆಸ್ಸೆಲ್ಸಿ ಓದಿದವಳು. ಹಾಲು ಉಕ್ಕುತ್ತದೆ ಎಂದು ತಿಳಿಯಲು ಅದೂ ಬೇಕಿರಲಿಲ್ಲ.

ಅಂದು ಎಂಜಿನ್ನು ತಿರುವಿನಲ್ಲಿ ಹಳಿ ಬಿಟ್ಟು ತೆಂಗಿನ ಮರಕ್ಕೆ ಒರಗಿದ ಮೇಲೆ, ಉಗಿ ನಿಲ್ಲಿಸಲು ಹೋಗಿ ನಿನ್ನ ಎಡಗೈ ಸುಟ್ಟಿತ್ತು. ನೀನು ಕೈಯನ್ನು ಬಕೆಟ್ಟಿನಲ್ಲಿ ಅದ್ದಿಕೊಂಡು ನಿಂತಿದ್ದೆ. ನಿಮ್ಮಪ್ಪ ಪಿನ್ನು ಎಷ್ಟಕ್ಕೆ ತಿರುವಿದ್ದೆ ಎಂದು ಕೇಳಿದರು. ಐದು ಪಾಯಿಂಟ್ ದಪ್ಪ ಬಿಟ್ಟಿದ್ದೆ, ತಪ್ಪು ನನ್ನದು ಅಂದೆ. ಪಾರ್ಕಿನವರ ಎದುರಿಗೆ, ಕೆಲಸದವರ ಎದುರಿಗೆ ನಾನು ಏನಂದೆ ಎಂಬುದು ನನಗೆ ನೆನಪಿದೆ. ನಿನಗೂ ಇರುತ್ತದೆ. ನಿನ್ನ ಕೈ ಬಕೆಟ್ಟಿನಲ್ಲೇ ಇತ್ತು.

ಮೇಡಂಗೆ ಬೋರ್ಡು ಬದಲಿಸಲು ಹೇಳಿದ್ದೇನೆ. "ಕೊಲ್ಲಾಪುರಮ್ಮ ಬಾಯ್ಲರಿಗೆ ಹಾಲು ಹಾಕಿದ್ದರಿಂದ ವಿಫಲ" ಎಂದು ಬರೆಯಲಿ. ಅವರು "ನೋಡೋಣ ಅಮ್ಮ" ಅಂದರು. ನೋಡುವುದೇನೂ ಇಲ್ಲ. ಇದರಲ್ಲಿ ಒಂದು ಒಳ್ಳೆಯದು ಇದೆ. ನಿಮ್ಮಪ್ಪನ ವಿನ್ಯಾಸ ಸರಿಯಾಗಿಯೇ ಇತ್ತು.

ಊಟ ತಿಂಡಿ ಎಲ್ಲ ಸರಿಯಾಗಿ ನಡೆಯುತ್ತಿದೆ. ನನಗೆ ಏನೂ ಆಗಿಲ್ಲ.

ಕೊಲ್ಲಾಪುರಮ್ಮ


ಕೊತ್ತಗೆರೆ
10 ಮೇ 2024

ಅಮ್ಮ,

ಮೂರು ವಾರ ಯೋಚನೆ ಮಾಡಿದೆ. ನೀನು ಹೊತ್ತುಕೊಂಡದ್ದನ್ನು ಇಳಿಸದೆ ಬೇರೆ ದಾರಿ ಕಾಣಲಿಲ್ಲ.

ನೀನು ಹಾಲು ಹೊಯ್ದದ್ದನ್ನು ನಾನು ನೋಡಿದ್ದೆ. ಮರದ ಹಿಂದೆ ಹಳಿಗೆ ಬೋಲ್ಟು ಬಿಗಿಯುತ್ತಿದ್ದೆ. ಆಗಲೇ ಕೂಗಬೇಕು ಅಂದುಕೊಂಡೆ. ನೀನು ಸೆರಗು ಹೊದ್ದು ಕಣ್ಣು ಮುಚ್ಚಿ ನಿಂತಿದ್ದೆ. ಕೂಗಲಿಲ್ಲ.

ಮಾರನೇ ದಿನ ಬೆಳಿಗ್ಗೆ ಬೆಂಕಿ ಹಾಕುವ ಮೊದಲು ನಾನು ಬಾಯ್ಲರಿನ ತಳದ ನಲ್ಲಿ ಬಿಚ್ಚಿ ನೀರನ್ನೆಲ್ಲ ಚೆಲ್ಲಿದೆ. ಎರಡು ಸಲ ಹೊಸ ನೀರು ತುಂಬಿ ಬಸಿದೆ. ಮೂರನೇ ಸಲದ ನೀರನ್ನೇ ಕುದಿಸಿದ್ದು. ಗಂಗೆ ಪೂಜೆಯ ನೀರು ಚೆಲ್ಲಿದೆ ಅಂದರೆ ನೀನು ಬೈಯುತ್ತೀಯ ಎಂದು ಹೇಳಲಿಲ್ಲ. ಮಹಾಲಿಂಗಣ್ಣ ಕೇಳಿದ್ದಕ್ಕೆ ನೀರಲ್ಲಿ ಕಸ ಇತ್ತು ಅಂದೆ. ನಾಣ್ಯ, ಅರಿಶಿನದ ಕೊಂಬು ನಲ್ಲಿಯ ಬಾಯಿಂದ ಬರಲಾರದೆ ಒಳಗೇ ಉಳಿದವು. ಹಾಲು ಒಂದು ಹನಿಯೂ ಉಳಿದಿರಲಿಲ್ಲ.

ಸಿಲಿಂಡರ್ ಒಡೆದದ್ದು ನೀರಿನಿಂದ ಅಲ್ಲ. ಎಂಜಿನ್ನು ಮರಕ್ಕೆ ಬಡಿದಾಗ ಒಡೆಯಿತು. ತೊಗಟೆಯ ಗುರುತು ಆ ಮುರಿದ ಅಂಚಿನಲ್ಲಿ ಇರಬೇಕು, ಮೇಡಂಗೆ ನೋಡಲು ಹೇಳು.

ಆದ್ದರಿಂದ ನಿನ್ನಿಂದ ಏನೂ ಆಗಿಲ್ಲ. ಬೋರ್ಡಿನಲ್ಲಿ ಮೊದಲು ಇದ್ದ ಮಾತೇ ಇರಲಿ. ದಯವಿಟ್ಟು ಇಲ್ಲಿಗೆ ನಿಲ್ಲಿಸು.

ಇಂಪನಾಗೆ ಐನೂರ ಎಪ್ಪತ್ತೆರಡು ಬಂದಿದೆ.

ಗಂಗಾಧರ


ಸತ್ಯಮಂಗಲ
27 ಮೇ 2024

ಗಂಗಾಧರನಿಗೆ,

ಇಂಪನಾಳ ಅಂಕ ಒಳ್ಳೆಯದು. ಸೀರೆ ಉಡುವಷ್ಟು ಎತ್ತರ ಆಗಿದ್ದಾಳೆಯೇ ಗೊತ್ತಿಲ್ಲ, ಅದಕ್ಕೆ ಒಂದು ವಾಚು ಕಳಿಸಿದ್ದೇನೆ.

ತೊಗಟೆಯ ನಾರು ಸಿಕ್ಕಿತು. ಹಾಗಾದರೆ ಹಾಲಲ್ಲ.

ನಿಲ್ಲಿಸು ಎಂದು ಬರೆದಿದ್ದೀಯ. ನಿನ್ನ ಬಾಯಿಂದ ಆ ಮಾತನ್ನು ನಾನು ಯಾವತ್ತೂ ಕೇಳಿಲ್ಲ. ಅದರಿಂದಲೇ ಅನುಮಾನ ಬಂತು. ಹಾಲು ಅಲ್ಲದಿದ್ದರೆ ಉಳಿದದ್ದು ನಿನ್ನ ಐದು ಪಾಯಿಂಟ್. ಮಹಾಲಿಂಗಯ್ಯನನ್ನು ಕಾಲೇಜಿಗೆ ಕರೆದುಕೊಂಡು ಹೋಗಿ ಮುಂದಿನ ಗಾಡಿಯ ಪಿನ್ನನ್ನು ಬಿಚ್ಚಿಸಿದೆ. ವರ್ಕ್‌ಶಾಪಿಗೆ ತಂದು, ಉಜ್ಜಿದ ಗುರುತಿಲ್ಲದ ತುದಿಯಲ್ಲಿ ಮೈಕ್ರೋಮೀಟರ್ ಹಿಡಿಯಲು ಹೇಳಿದೆ.

ನಕ್ಷೆಯಲ್ಲಿ ಅರವತ್ತು ಮಿಲಿಮೀಟರಿಗೆ ಆರು ಪಾಯಿಂಟ್ ಕಡಿಮೆ ಎಂದಿದೆ. ಮಹಾಲಿಂಗಯ್ಯ ನೋಡಿದ, ಕನ್ನಡಕ ಒರೆಸಿ ಮತ್ತೆ ನೋಡಿದ. "ಅಮ್ಮೋರೇ, ಆರೇ ಪಾಯಿಂಟ್ ಕಡಿಮೆ. ಹುಡುಗ ಕೂದ್ಲೆಳೆಯಷ್ಟೂ ತಪ್ಪಿಲ್ಲ" ಅಂದ. ಆಮೇಲೆ ಮೈಕ್ರೋಮೀಟರನ್ನು ನನ್ನ ಕೈಗೆ ಕೊಟ್ಟ. ನಾನೂ ಹಿಡಿದು ನೋಡಿದೆ. ಅಷ್ಟೇ ಬಂತು.

ನಿಮ್ಮಪ್ಪ ಹೋದ ಮೇಲೆ ಈ ವರ್ಕ್‌ಶಾಪನ್ನು ನಾನು ನಡೆಸಿದ್ದೇನೆ. ಒಂದು ಪಾಯಿಂಟ್ ಹೆಚ್ಚುಕಡಿಮೆ ಆದ ಶಾಫ್ಟನ್ನು ಹಿಂದಕ್ಕೆ ಎಸೆದಿದ್ದೇನೆ. ಬಾಯಿಮಾತು ಬೇಡ, ಅಳತೆ ತೋರಿಸಿ ಎಂದು ಗೋಡೆಗೆ ಬರೆಸಿದ್ದೇನೆ. ಆ ಪಿನ್ನು ನನ್ನ ಮೇಜಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಟಾರ್ಪಾಲಿನ ಕೆಳಗೆ ಹನ್ನೊಂದು ವರ್ಷ ಇತ್ತು. ಬಿಚ್ಚಿ ಅಳೆಯಲು ಅರ್ಧ ಗಂಟೆ ಸಾಕು. ನಾಲ್ಕು ಲೇತು, ಒಂಬತ್ತು ಜನ, ಐದು ಮೈಕ್ರೋಮೀಟರ್. ಒಬ್ಬರೂ ಅಳೆಯಲಿಲ್ಲ. ನಾನು ಅಳೆಯಲಿಲ್ಲ.

ಮಾಡದ ತಪ್ಪನ್ನು ಯಾಕೆ ಒಪ್ಪಿಕೊಂಡೆ? ಉತ್ತರ ಆ ಹಾಳೆಯಲ್ಲಿದೆ. ಕಳಿಸು.

ಕೊಲ್ಲಾಪುರಮ್ಮ


ಕೊತ್ತಗೆರೆ
18 ಜುಲೈ 2024

ಅಮ್ಮ,

ಹಾಳೆ ಇದರ ಜೊತೆ ಇದೆ. ಸುಡಲು ಎರಡು ಸಲ ಒಲೆಯ ಹತ್ತಿರ ಹೋಗಿದ್ದೆ. ಅಪ್ಪನ ಅಕ್ಷರ, ಕೈ ಬರಲಿಲ್ಲ.

ನಾನು ಅದನ್ನು ಓದಿದ್ದು ಪ್ರಯೋಗದ ದಿನ ಬೆಳಿಗ್ಗೆ. ಬಾಯ್ಲರಿಗೆ ಎಷ್ಟು ನೀರು ತುಂಬಬೇಕು ಎಂದು ನೋಡಲು ಪುಸ್ತಕ ತೆಗೆದಾಗ ಕಂಡಿತು. ಅಪ್ಪ ಇವತ್ತು ಬೇಡ ಅನ್ನುತ್ತಾರೆ ಎಂದು ಕಾದೆ. ಪಾರ್ಕಿನವರು ಬಂದರು, ನೀನು ಎಲ್ಲರಿಗೂ ಉಪ್ಪಿಟ್ಟು ಕೊಟ್ಟೆ, ಅಪ್ಪ ಹೊಸ ಅಂಗಿ ಹಾಕಿಕೊಂಡು ಬಂದರು. ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆಮೇಲೆ ಎಲ್ಲರ ಎದುರಿಗೆ, "ಗಂಗಾ, ಪಿನ್ನು ಎಷ್ಟಕ್ಕೆ ತಿರುವ್ದೆಲಾ?" ಅಂದರು. ಅವರಿಗೆ ಗೊತ್ತಿಲ್ಲದೆ ಕೇಳಿದ್ದಲ್ಲ. ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ, ಬಕೆಟ್ ನೋಡುತ್ತಿದ್ದರು. ಐದು ಪಾಯಿಂಟ್ ಅಂದುಬಿಟ್ಟೆ. ಬಾಯಿಗೆ ಬಂದ ಲೆಕ್ಕ ಅದು. ಅವರು "ಹೂಂ" ಅಂದು ಕೈ ತೊಳೆಯಲು ಹೋದರು.

ಅಪ್ಪ ಎರಡು ದಿನ ಬಿಟ್ಟು ನಿನಗೆ ಹೇಳುತ್ತಾರೆ ಎಂದುಕೊಂಡಿದ್ದೆ.

ಇನ್ನೊಂದು ನಿನಗೆ ಗೊತ್ತಿಲ್ಲ. 2014ರಲ್ಲಿ ಒಂದು ದಿನ ಅಪ್ಪ ಒಬ್ಬರೇ ಕುಣಿಗಲ್ ಬಸ್ಸಿಗೆ ಬಂದು, ಅಲ್ಲಿಂದ ಆಟೋದಲ್ಲಿ ಅಂಗಡಿಗೆ ಬಂದಿದ್ದರು. ಒಂದು ಗಂಟೆ ಕೂತರು. ಟೀ ಕುಡಿದರು. ಏಳುವಾಗ ನನ್ನ ಎಡಗೈ ಹಿಡಿದು ತಿರುಗಿಸಿ ನೋಡಿ, "ಕೈ ಹೆಂಗದೆ?" ಅಂದರು. "ಮೆಷಿನ್ ಹಿಡಿಯಕ್ಕಾಗಲ್ಲ, ತಂತಿ ಸುತ್ತಬೋದು" ಅಂದೆ. "ಬಸ್ಸಿಗೆ ಹೊತ್ತಾಯ್ತು" ಎಂದು ಹೊರಟರು.

ನನಗೆ ಈಗ ಯಾರ ಮೇಲೂ ಏನೂ ಇಲ್ಲ ಅಮ್ಮ. ನಿಜವಾಗಿ ಇಲ್ಲ. ಹುಡುಕಿದರೂ ಸಿಗುವುದಿಲ್ಲ.

ಗಂಗಾಧರ


ಸತ್ಯಮಂಗಲ
9 ಆಗಸ್ಟ್ 2024

ಚಿರಂಜೀವಿ ಗಂಗಾಧರನಿಗೆ,

ಹಾಳೆ ಓದಿದೆ. ಅಂಗಡಿ ಬಾಗಿಲು ಹಾಕಿದ ಮೇಲೆ ಓದಬೇಕೆಂದಿದ್ದೆ, ಆಗಲಿಲ್ಲ. ಲೇತುಗಳು ಓಡುತ್ತಿರುವಾಗಲೇ ನಿಂತುಕೊಂಡು ಓದಿದೆ. ಅದರಲ್ಲಿರುವುದನ್ನು ಇಲ್ಲಿ ನನ್ನ ಕೈಯಲ್ಲಿ ಒಮ್ಮೆ ಬರೆಯುತ್ತೇನೆ.

"22 ಅಕ್ಟೋಬರ್, ಸೋಮವಾರ. ಉಗಿ ಒಳಗಿನಿಂದ ಹೋಗುವುದರಿಂದ ಪಿನ್ನು ಮೊದಲು ಬಿಸಿಯಾಗುತ್ತದೆ, ಬುಷ್ಷು ಆಮೇಲೆ. ಪಿನ್ನು ಏಳು ಪಾಯಿಂಟ್ ಹೆಚ್ಚು ಹಿಗ್ಗುತ್ತಿದೆ. ನಾವು ಬಿಟ್ಟಿರುವ ಸಂದು ಆರು. ಸಂದು ಎಂಟು ಬಿಟ್ಟು ನೋಡಿದೆ, ಉಗಿ ನಿಲ್ಲುವುದಿಲ್ಲ, ಸೋರುತ್ತದೆ. ನಡುವೆ ದಾರಿ ಇಲ್ಲ. ಈ ಎಂಜಿನ್ನು ನೇರಕ್ಕೆ ಹೋಗುತ್ತದೆ, ತಿರುವಿನಲ್ಲಿ ತಿರುಗುವುದಿಲ್ಲ. ತಪ್ಪು ಯೋಚನೆಯದು. ಬುಧವಾರ ಎಲ್ಲರೂ ಬರುತ್ತಾರೆ. ಕೊಲ್ಲಾಪುರಿ ಊರಿಗೆಲ್ಲ ಹೇಳಿದ್ದಾಳೆ. ಅವಳಿಗೆ ಹೇಗೆ ಹೇಳುವುದು."

ಅವರು ಹೆದರಿದ್ದು ಪಾರ್ಕಿನವರಿಗಲ್ಲ.

ಓದಿದ ಮೇಲೆ ಏನೋ ಆಗುತ್ತದೆ ಎಂದು ಸ್ವಲ್ಪ ಹೊತ್ತು ಕಾದೆ. ಏನೂ ಆಗಲಿಲ್ಲ. ಎರಡನೇ ಲೇತಿನ ಹುಡುಗ ಒಂದು ಬುಷ್ ತಂದು ತೋರಿಸಿದ, ಅಳತೆ ನೋಡಿ ಪಾಸು ಮಾಡಿದೆ. ಅವರ ಫೋಟೋಗೆ ದಿನಾ ಹೂ ಹಾಕುತ್ತಿದ್ದೆ, ಇವತ್ತೂ ಹಾಕಿದೆ. ಕೈಗೆ ಅಭ್ಯಾಸವಾಗಿದೆ.

ಹಾಳೆಯನ್ನು ಪುಸ್ತಕದಲ್ಲಿ ಅದರ ಜಾಗಕ್ಕೆ ಅಂಟಿಸಿದ್ದೇನೆ. ಗೋಂದು ಒಣಗಿದ ಮೇಲೆ ಪುಸ್ತಕ ಕಾಲೇಜಿಗೆ ಕೊಟ್ಟೆ. ಬೋರ್ಡಿಗೆ ಸಹಿ ಹಾಕಿದೆ. ಮಾತು ನಾನೇ ಬರೆದುಕೊಟ್ಟೆ: "ಜೋಡುಗಾಡಿ ಉಗಿ ಎಂಜಿನ್. ವಿನ್ಯಾಸ: ಸಿದ್ದಗಂಗಯ್ಯ. ಪ್ರಯೋಗ ನಡೆದದ್ದು ಗುಬ್ಬಿಯ ತೋಟದಲ್ಲಿ, 24 ಅಕ್ಟೋಬರ್ 2012. ವಿನ್ಯಾಸದ ದೋಷದಿಂದ ವಿಫಲ. ಪಿನ್ನು ತಿರುವಿದವರು: ಎಸ್. ಗಂಗಾಧರ್. ಅವರ ಅಳತೆ ಸರಿಯಾಗಿತ್ತು."

ಮೇಡಂ ಓದಿ, "ಅಮ್ಮ, ಕೊನೇ ಸಾಲು ಬೋರ್ಡಲ್ಲಿ ಬೇಕಾ? ನೋಡೋರಿಗೆ ಅರ್ಥ ಆಗಲ್ಲ" ಅಂದರು.

"ನೋಡೋರಿಗಲ್ಲ ಕಣವ್ವ" ಅಂದೆ.

ಮಹಾಲಿಂಗಯ್ಯನನ್ನೂ ಇನ್ನು ಎಂಟು ಜನರನ್ನೂ ನಿಲ್ಲಿಸಿ, ಅಂದು ಯಾವ ದನಿಯಲ್ಲಿ ಅಂದಿದ್ದೆನೋ ಅದೇ ದನಿಯಲ್ಲಿ ನಿನ್ನ ತಪ್ಪಿರಲಿಲ್ಲ ಎಂದು ಹೇಳಿದೆ. ಅವರಲ್ಲಿ ಐದು ಜನ ಆಮೇಲೆ ಸೇರಿದವರು, ಅವರಿಗೆ ನೀನು ಯಾರೆಂದೇ ಗೊತ್ತಿಲ್ಲ. ಆದರೂ ಹೇಳಿದೆ.

ಬೋರ್ಡು ಈ ತಿಂಗಳ 26, ಸೋಮವಾರ, ಹತ್ತೂವರೆಗೆ ಇಡುತ್ತಾರೆ. ಹೇಮಶ್ರೀಯನ್ನೂ ಇಂಪನಾಳನ್ನೂ ಕರೆದುಕೊಂಡು ಬಾ. ನಾನು ಬಾಗಿಲ ಹತ್ತಿರ ಇರುತ್ತೇನೆ. ಮಾತು ಆಡುತ್ತೇನೋ ಇಲ್ಲವೋ ಹೇಳಲಾರೆ. ಆಡುವುದಿಲ್ಲ ಎಂದು ಹಟ ಹಿಡಿದದ್ದು ನಾನೇ, ಈಗ ಅದು ನನ್ನ ಕೈಯಲ್ಲಿಲ್ಲ. ಏನೂ ಆಡದೆ ನಿಂತಿದ್ದರೆ ಸಿಟ್ಟೆಂದು ತಿಳಿಯಬೇಡ.

ಪಿನ್ನನ್ನು ಮಾತ್ರ ಕಾಲೇಜಿಗೆ ವಾಪಸು ಕೊಟ್ಟಿಲ್ಲ. ಅದರ ಜಾಗಕ್ಕೆ ಮರದ್ದು ಮಾಡಿಸಿ ಹಾಕಿಸಿದ್ದೇನೆ. ನೀನು ತಿರುವಿದ್ದು ನನ್ನ ಮೇಜಿನ ಮೇಲೆ, ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟಿದೆ. ದಿನಾ ಬೆಳಿಗ್ಗೆ ಬಾಗಿಲು ತೆಗೆದ ಮೇಲೆ, ಬೇರೆ ಕೆಲಸಕ್ಕೆ ಕೈ ಹಾಕುವ ಮೊದಲು, ಬಟ್ಟೆ ಬಿಚ್ಚಿ ಅಳೆಯುತ್ತೇನೆ. ದಿನಾ ಅಷ್ಟೇ ಬರುತ್ತದೆ.

ಅಮ್ಮ